ಶಾಲಾ ಬಸ್ಸಿನ ಸುರಕ್ಷತೆ: ಕ್ಯಾಮೆರಾಕ್ಕಿಂತ ಮೊದಲು ನೋಡಬೇಕಾದದ್ದು ಏನು?

ಪ್ರಶ್ನೆ: ಪೋಷಕರ ಸಮಿತಿಯ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂದನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ದಿನವೂ ಶಾಲೆಯ ಬಸ್ಸಿನಲ್ಲೇ ಹೋಗಿ ಬರುತ್ತಾಳೆ. ಮುಂದಿನ ವರ್ಷ ಬಸ್ಸಿನ ವ್ಯವಸ್ಥೆಯಲ್ಲಿ ಯಾವ ಸುಧಾರಣೆಗಳು ಆಗಬೇಕೆಂದು ಆಡಳಿತ ಮಂಡಳಿಯು ಪೋಷಕರ ಸಮಿತಿಯ ಅಭಿಪ್ರಾಯ ಕೇಳಿದೆ. ಈವರೆಗಿನ ಸಭೆಗಳೆಲ್ಲ ಬಸ್ಸಿನೊಳಗೆ ಎಷ್ಟು ಸಿಸಿಟಿವಿ ಕ್ಯಾಮೆರಾ ಇರಬೇಕು, ಬಸ್ಸು ಎಲ್ಲಿದೆ ಎಂಬುದು ಪೋಷಕರ ಮೊಬೈಲಿನಲ್ಲಿ ಕಾಣಬೇಕೇ, ಪ್ರತಿ ಆಸನಕ್ಕೂ ಸೀಟ್ ಬೆಲ್ಟ್ ಹಾಕಿಸಬೇಕೇ ಎಂಬ ಚರ್ಚೆಯಲ್ಲೇ ಮುಗಿದಿವೆ. ಇವು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಹಣವೂ ಸಮಯವೂ ಮಿತವಾಗಿರುವಾಗ ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಯಾರೂ ಕೇಳುತ್ತಿಲ್ಲ.

ನನ್ನನ್ನು ಕಾಡುತ್ತಿರುವ ಸಂಗತಿಗಳು ಇನ್ನೂ ಸಣ್ಣವು. ಸಂಜೆ ಬಸ್ಸು ನಿಲ್ಲುವುದು ಮನೆಯ ಎದುರು ಬದಿಯಲ್ಲಿ; ಮಗು ಇಳಿದು ರಸ್ತೆ ದಾಟಬೇಕು. ಬಸ್ಸಿನ ಮುಂಭಾಗದಿಂದ ದಾಟಿಸಬೇಕೆಂದು ಕೆಲವರೂ, ಹಿಂಭಾಗದಿಂದ ದಾಟಿಸಬೇಕೆಂದು ಇನ್ನು ಕೆಲವರೂ ಹೇಳುತ್ತಾರೆ. ಮಗುವನ್ನು ಕರೆದುಕೊಂಡು ಹೋಗಲು ಯಾರೂ ಬಂದಿರದಿದ್ದರೆ ಬಸ್ಸಿನ ಸಹಾಯಕಿ ಏನು ಮಾಡಬೇಕೆಂಬುದಕ್ಕೆ ಬರೆದಿಟ್ಟ ನಿಯಮವೇ ಇಲ್ಲ. ಶಾಲಾ ಸಾರಿಗೆಯಲ್ಲಿ ಕೆಲಸ ಮಾಡಿ ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಸಾರಿಗೆ ಉಸ್ತುವಾರಿ

ಮೇಡಂ, ನೀವು ಸಣ್ಣವು ಎಂದ ಸಂಗತಿಗಳೇ ಸಮಿತಿಯ ಪಟ್ಟಿಯಲ್ಲಿ ಮೊದಲು ಬರಬೇಕಾದವು. ಶಾಲಾ ಬಸ್ಸು ಎಂದಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ವೇಗವಾಗಿ ಓಡುತ್ತಿರುವ ಬಸ್ಸು. ವಾಸ್ತವದಲ್ಲಿ ತೂಕ, ಎತ್ತರ, ಗಾತ್ರಗಳ ಕಾರಣದಿಂದ ಬಸ್ಸಿನೊಳಗೆ ಕುಳಿತ ಮಗುವಿಗೆ ಸಾಕಷ್ಟು ರಕ್ಷಣೆ ಇರುತ್ತದೆ. ಕಾರು ಡಿಕ್ಕಿ ಹೊಡೆದರೂ ಅದು ತಗಲುವುದು ಬಹುಮಟ್ಟಿಗೆ ಮಕ್ಕಳ ಆಸನಕ್ಕಿಂತ ಕೆಳಗೆ. ಆ ರಕ್ಷಣೆ ಮೆಟ್ಟಿಲಿನ ಬಳಿ ಮುಗಿದುಹೋಗುತ್ತದೆ. ಬಸ್ಸಿಗಾಗಿ ಕಾಯುತ್ತಿರುವ ಮಗು, ಹತ್ತುತ್ತಿರುವ ಮಗು, ಇಳಿದು ನಾಲ್ಕು ಹೆಜ್ಜೆ ಇಟ್ಟಿರುವ ಮಗು, ಇವರಿಗೇ ಅಪಾಯ ಹೆಚ್ಚು. ಅಪಾಯ ತರುವುದು ಬೇರೆ ವಾಹನಗಳು ಮಾತ್ರವಲ್ಲ, ಎಷ್ಟೋ ಸಲ ಆ ಮಗು ಈಗಷ್ಟೇ ಇಳಿದ ಬಸ್ಸೇ.

ಬಸ್ಸಿನ ನಾಲ್ಕೂ ಬದಿಗೆ ಸುಮಾರು 3 ಮೀಟರ್ ದೂರದವರೆಗಿನ ಜಾಗವನ್ನು ಅಮೆರಿಕದ ಶಾಲೆಗಳಲ್ಲಿ ಅಪಾಯ ವಲಯವೆಂದೇ ಮಕ್ಕಳಿಗೆ ಕಲಿಸುತ್ತಾರೆ. ಈ ಜಾಗದ ಹಲವು ಕಡೆ, ಅದರಲ್ಲೂ ಮುಂಭಾಗಕ್ಕೆ ತಾಗಿದಂತೆ ಮತ್ತು ಹಿಂದಿನ ಚಕ್ರಗಳ ಪಕ್ಕದಲ್ಲಿ, ಆರು ವರ್ಷದ ಮಗು ನಿಂತರೆ ಆಸನದಲ್ಲಿ ಕುಳಿತ ಚಾಲಕನಿಗೆ ನೇರವಾಗಿ ಕಾಣುವುದೇ ಇಲ್ಲ. ಕೈಯಲ್ಲಿದ್ದ ಕಾಗದವೋ ನೀರಿನ ಬಾಟಲಿಯೋ ಕೆಳಗೆ ಬಿದ್ದು, ಅದನ್ನು ಎತ್ತಿಕೊಳ್ಳಲು ಮಗು ಬಗ್ಗಿತೆಂದರೆ ಕನ್ನಡಿಯಲ್ಲಿಯೂ ಕಾಣದು. ಆದುದರಿಂದ ಬಿದ್ದದ್ದು ಏನೇ ಆಗಿರಲಿ, ಎತ್ತಲು ಹೋಗದೆ ದೂರ ಸರಿದು ನಿಂತು ಚಾಲಕರಿಗೋ ಸಹಾಯಕಿಗೋ ಹೇಳಬೇಕೆಂಬುದನ್ನು ಮಕ್ಕಳಿಗೆ ಬಾಯಿಪಾಠವಾಗುವಷ್ಟು ಸಲ ಹೇಳಿಕೊಡಬೇಕು. ಹೇಳಿದರೆ ಸಾಲದು, ನಿಂತ ಬಸ್ಸಿನ ಪಕ್ಕದಲ್ಲಿ ಮಾಡಿಸಿ ತೋರಿಸಬೇಕು.

ರಸ್ತೆ ದಾಟುವ ಪ್ರಶ್ನೆಗೆ ಬರುತ್ತೇನೆ. ಮುಂದಿನಿಂದಲೋ ಹಿಂದಿನಿಂದಲೋ ಎಂಬ ವಾದ ಹುಟ್ಟಿರುವುದು ಎರಡು ಬೇರೆ ಬೇರೆ ಪದ್ಧತಿಗಳ ಸಲಹೆಗಳು ಬೆರೆತುಹೋಗಿರುವುದರಿಂದ. ಅಮೆರಿಕ, ಕೆನಡಾಗಳಂಥ ಕಡೆ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸುತ್ತ ಪಕ್ಕದಿಂದ ನಿಲುಗಡೆಯ ಫಲಕ ಚಾಚಿತೆಂದರೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎರಡೂ ದಿಕ್ಕಿನ ವಾಹನಗಳು ನಿಲ್ಲಲೇಬೇಕೆಂಬುದು ಸಾಮಾನ್ಯ ನಿಯಮ. ಅಲ್ಲಿ ಮಗು ಬಸ್ಸಿನ ಮುಂದೆ ಕನಿಷ್ಠ 3 ಮೀಟರ್ ನಡೆದು, ಚಾಲಕನ ಮುಖ ತನಗೆ ಕಾಣುವಂತೆ ನಿಂತು, ಅವನು ಸನ್ನೆ ಮಾಡಿದ ಮೇಲೆ ದಾಟುತ್ತದೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ ಸಲಹೆ ಬೇರೆ: ನಿಂತ ಬಸ್ಸಿಗೆ ಒತ್ತಿದಂತೆ ಮುಂದಿನಿಂದಾಗಲಿ ಹಿಂದಿನಿಂದಾಗಲಿ ದಾಟಲೇಬಾರದು, ಬಸ್ಸು ಹೊರಟುಹೋಗಿ ಎರಡೂ ಕಡೆಯ ರಸ್ತೆ ಸ್ಪಷ್ಟವಾಗಿ ಕಾಣುವವರೆಗೆ ಕಾಯಬೇಕು. ಇತರ ವಾಹನಗಳು ಶಾಲಾ ಬಸ್ಸಿಗಾಗಿ ನಿಲ್ಲಬೇಕೆಂಬ ಕಾನೂನು ಇಲ್ಲದ, ಅಥವಾ ಕಾನೂನಿದ್ದೂ ಯಾರೂ ನಿಲ್ಲಿಸದ ಕಡೆಗಳಲ್ಲಿ ಈ ಎರಡನೆಯ ಮಾರ್ಗವೇ ಸರಿ. ಚಿಕ್ಕ ಮಗುವಿಗೆ ಎದುರಿನಿಂದ ಬರುವ ವಾಹನದ ವೇಗವನ್ನು ಅಂದಾಜು ಮಾಡಲು ಬರುವುದಿಲ್ಲವಾದ್ದರಿಂದ, ಒಂದನೆಯ ತರಗತಿಯ ಮಗು ಯಾವ ಪದ್ಧತಿಯಲ್ಲಿಯೂ ಒಂಟಿಯಾಗಿ ದಾಟಬಾರದು. ದೊಡ್ಡವರೊಬ್ಬರು ಕೈ ಹಿಡಿದಿರಲೇಬೇಕು. ಕರೆದೊಯ್ಯಲು ಬರುವವರೂ ಎದುರು ಬದಿಯಲ್ಲಿ ನಿಂತು ಮಗುವನ್ನು ಕೂಗಿ ಕರೆಯಬಾರದು. ಅಮ್ಮನನ್ನು ಕಂಡ ಮಗು ರಸ್ತೆಯನ್ನು ನೋಡುವುದಿಲ್ಲ. ಬಸ್ಸು ಬರುವ ಮೊದಲೇ ಬಾಗಿಲಿನ ಬದಿಗೆ ಬಂದು ನಿಂತಿರಬೇಕು.

ಇದಕ್ಕಿಂತ ಉತ್ತಮವಾದದ್ದು, ದಾಟುವ ಪ್ರಮೇಯವೇ ಬಾರದಂತೆ ಮಾರ್ಗವನ್ನು ತಿದ್ದುವುದು. ಬೆಳಗಿನ ಮಾರ್ಗವನ್ನೇ ಸಂಜೆ ತಿರುಗಿಸಿ ಓಡಿಸುವ ಅಭ್ಯಾಸದಿಂದ ಮಕ್ಕಳು ಒಂದಲ್ಲ ಒಂದು ಹೊತ್ತು ತಪ್ಪು ಬದಿಯಲ್ಲಿ ಹತ್ತಬೇಕಾಗುತ್ತದೆ ಇಲ್ಲವೇ ಇಳಿಯಬೇಕಾಗುತ್ತದೆ. ಚಿಕ್ಕ ಮಕ್ಕಳಿರುವ ಕಡೆಗಳನ್ನಾದರೂ ಗುರುತಿಸಿ, ಅಲ್ಲಿ ಎರಡೂ ಹೊತ್ತು ಮನೆಯ ಬದಿಯಲ್ಲೇ ನಿಲ್ಲುವಂತೆ ಮಾಡಲು ಕೆಲವೊಮ್ಮೆ ಒಂದು ಸುತ್ತು ಹೆಚ್ಚಾಗಬಹುದು, ಅಷ್ಟೇ. ನಿಲುಗಡೆಯ ಜಾಗ ತಿರುವಿನ ಮಗ್ಗುಲಲ್ಲಿ ಇರಬಾರದು. ಏರು ಮುಗಿಯುವ ನೆತ್ತಿಯಲ್ಲಿಯೂ ಇರಬಾರದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ವಾಹನವು ಅದರ ಚಾಲಕನು ಬ್ರೇಕ್ ಒತ್ತಲು ತೆಗೆದುಕೊಳ್ಳುವ ಒಂದೇ ಸೆಕೆಂಡಿನಲ್ಲಿ 11 ಮೀಟರ್ ಸಾಗಿರುತ್ತದೆ. ಬ್ರೇಕ್ ಹಿಡಿಯುವುದು ಅದರ ನಂತರ. ಸಮಿತಿಯವರು ಒಂದು ದಿನ ಬಸ್ಸಿನಲ್ಲೇ ಕುಳಿತು ಎಲ್ಲ ನಿಲುಗಡೆಗಳನ್ನೂ ನೋಡಿ ಬಂದರೆ, ಕ್ಯಾಮೆರಾದ ಚರ್ಚೆ ತಾನಾಗಿಯೇ ಹಿಂದೆ ಸರಿಯುತ್ತದೆ ಎಂದು ನನ್ನ ಅನಿಸಿಕೆ.

ಕರೆದೊಯ್ಯುವವರು ಬಾರದಿದ್ದರೆ ಚಿಕ್ಕ ಮಗುವನ್ನು ಇಳಿಸುವಂತಿಲ್ಲ. ಬಸ್ಸಿನಲ್ಲೇ ಇರಿಸಿಕೊಂಡು, ಶಾಲೆಗೆ ಫೋನ್ ಮಾಡಿ ತಿಳಿಸಿ, ಮಾರ್ಗದ ಕೊನೆಯಲ್ಲಿ ಶಾಲೆಗೇ ಹಿಂದಕ್ಕೆ ಕರೆತರಬೇಕು. ಯಾರು ಯಾರು ಕರೆದೊಯ್ಯಬಹುದು ಎಂಬ ಪಟ್ಟಿಯನ್ನು ಪೋಷಕರೇ ಭಾವಚಿತ್ರದೊಂದಿಗೆ ಕೊಟ್ಟಿರಬೇಕು. ಪರಿಚಯದ ನೆರೆಯವರಾದರೂ ಪಟ್ಟಿಯಲ್ಲಿಲ್ಲದಿದ್ದರೆ ಮಗುವನ್ನು ಕೊಡದಿರುವ ಅಧಿಕಾರ ಸಹಾಯಕಿಗೆ ಇರಬೇಕು. ಆಕೆ ಹಾಗೆ ನಡೆದುಕೊಂಡಾಗ ಪೋಷಕರು ಜಗಳಕ್ಕೆ ಹೋಗಬಾರದು. ಈ ಕೊನೆಯ ಮಾತನ್ನು ಸುತ್ತೋಲೆಯಲ್ಲೇ ಬರೆಸಿರಿ.

ಉತ್ತರ: ಶಾಲಾ ಬಸ್ಸಿನ ಚಾಲಕ

ಮೇಲಿನ ಹಿರಿಯರು ಹೇಳಿದ್ದಕ್ಕೆ ಚಾಲಕನ ಆಸನದಿಂದ ಕಾಣುವ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ನಮಗೆ ಬಹಳ ಹೆದರಿಕೆಯ ಕೆಲಸವೆಂದರೆ ಮಕ್ಕಳಿರುವ ಜಾಗದಲ್ಲಿ ರಿವರ್ಸ್ ತೆಗೆದುಕೊಳ್ಳುವುದು. ಆದಷ್ಟು ಮಟ್ಟಿಗೆ ರಿವರ್ಸ್ ಬೇಕಾಗದ ಮಾರ್ಗವನ್ನೇ ಆರಿಸಬೇಕು. ತಪ್ಪಿಸಲಾಗದ ಕಡೆ ಬೆಳಿಗ್ಗೆ ಮಕ್ಕಳನ್ನು ಮೊದಲು ಹತ್ತಿಸಿಕೊಂಡು ಆಮೇಲೆ ಬಸ್ಸು ತಿರುಗಿಸಬೇಕು. ಸಂಜೆ ಮೊದಲು ಬಸ್ಸು ತಿರುಗಿಸಿ ಆಮೇಲೆ ಮಕ್ಕಳನ್ನು ಇಳಿಸಬೇಕು. ಬಸ್ಸು ಹಿಂದಕ್ಕೆ ಚಲಿಸುವ ಹೊತ್ತಿಗೆ ಆ ನಿಲುಗಡೆಯ ಮಕ್ಕಳು ಬಸ್ಸಿನೊಳಗೇ ಇರಬೇಕೆಂಬುದು ಇದರ ಅರ್ಥ. ಹೇಳಿದರೆ ಇಷ್ಟೇ ವಿಷಯ. ಆದರೆ ಸಂಜೆ ತಡವಾದಾಗ ಮೊದಲು ಕೈಬಿಡುವುದು ಇದನ್ನೇ.

ಇಳಿದ ಮಕ್ಕಳನ್ನು ಎಣಿಸುವುದು ಇನ್ನೊಂದು. ಐದು ಮಕ್ಕಳು ಇಳಿದರೆ ಐದೂ ಮಕ್ಕಳು ದೂರ ಹೋದದ್ದು ಕಣ್ಣಿಗೆ ಕಂಡ ಮೇಲೆಯೇ ಗೇರ್ ಹಾಕಬೇಕು. ನಾಲ್ಕೇ ಕಂಡರೆ ಬಸ್ಸು ಕದಲಬಾರದು. ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಕೆಳಗಿಳಿದು ನೋಡಬೇಕು. ಹಿಂದೆ ಎಷ್ಟು ವಾಹನಗಳು ಹಾರ್ನ್ ಹೊಡೆದರೂ ಸರಿಯೇ. ಚಾಲಕನೊಬ್ಬನಿಗೆ ಇದು ಕಷ್ಟ. ಬಾಗಿಲಲ್ಲಿ ನಿಲ್ಲುವ ಸಹಾಯಕರು ಫೋನ್ ನೋಡದೆ ಈ ಕೆಲಸವನ್ನೇ ಮಾಡಿದರೆ ದೊಡ್ಡ ಉಪಕಾರ. ಸಹಾಯಕರು ಮೊದಲು ಕೆಳಗಿಳಿದು, ಮಕ್ಕಳನ್ನು ಇಳಿಸಿ, ಕೊನೆಯಲ್ಲಿ ತಾವು ಹತ್ತಬೇಕು. ಮೆಟ್ಟಿಲ ಮೇಲೆ ನಿಂತು ಕೈ ಬೀಸಿದರೆ ಅವರಿಗೂ ಹಿಂದಿನ ಚಕ್ರದ ಬಳಿ ಏನಿದೆ ಎಂದು ಕಾಣುವುದಿಲ್ಲ.

ಮಾರ್ಗ ಮುಗಿದ ಮೇಲೆ ಚಾಲಕನು ಬಸ್ಸಿನ ಕೊನೆಯ ಸಾಲಿನವರೆಗೂ ನಡೆದು ಹೋಗಿ, ಪ್ರತಿ ಆಸನವನ್ನೂ ಆಸನದ ಕೆಳಗನ್ನೂ ನೋಡಿ ಬರಬೇಕು. ನಿದ್ದೆ ಹೋದ ಮಗು ಆಸನದಿಂದ ಕೆಳಕ್ಕೆ ಜಾರಿ ಬ್ಯಾಗಿನ ಮೇಲೆಯೇ ಮಲಗಿರುತ್ತದೆ. ಕನ್ನಡಿಯಲ್ಲಿ ಬಸ್ಸು ಖಾಲಿಯಾಗಿಯೇ ಕಾಣುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲೇ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಗಾಜು ಮುಚ್ಚಿದ ಬಸ್ಸನ್ನೂ ನಂಬುವಂತಿಲ್ಲ. ಕೆಲವು ಬಸ್ಸುಗಳಲ್ಲಿ ಎಂಜಿನ್ ನಿಲ್ಲಿಸಿದ ಕೂಡಲೇ ಎಚ್ಚರಿಕೆಯ ಸದ್ದು ಶುರುವಾಗುತ್ತದೆ, ಅದನ್ನು ಆರಿಸುವ ಗುಂಡಿ ಹಿಂಬದಿಯಲ್ಲಿರುತ್ತದೆ. ಚಾಲಕನನ್ನು ಹಿಂದಿನವರೆಗೆ ನಡೆಸುವುದಷ್ಟೇ ಅದರ ಉದ್ದೇಶ. ಕ್ಯಾಮೆರಾಕ್ಕೆ ಖರ್ಚು ಮಾಡುವ ಮೊದಲು ಇದನ್ನು ಹಾಕಿಸಿರಿ ಎನ್ನುತ್ತೇನೆ.

ಉತ್ತರ: ವಾಹನ ತಪಾಸಣೆಯ ಕೆಲಸದಲ್ಲಿರುವವರು

ಸೀಟ್ ಬೆಲ್ಟ್ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ 1977ರಿಂದ ದೊಡ್ಡ ಶಾಲಾ ಬಸ್ಸುಗಳ ಆಸನಗಳಿಗೆ ವಿಶೇಷ ಮಾನದಂಡ ಜಾರಿಯಲ್ಲಿದೆ. ಆಸನಗಳ ಬೆನ್ನು ಎತ್ತರವಾಗಿ, ದಪ್ಪ ಮೆತ್ತೆಯಿಂದ ಕೂಡಿ, ಹೊಡೆತ ಬಿದ್ದಾಗ ಸ್ವಲ್ಪ ಬಾಗಿ ಶಕ್ತಿಯನ್ನು ಹೀರಿಕೊಳ್ಳುವಂತಿದ್ದು, ಸಾಲುಗಳು ಒಂದಕ್ಕೊಂದು ಹತ್ತಿರವಾಗಿರುತ್ತವೆ. ಡಿಕ್ಕಿಯಾದಾಗ ಮಗು ಮುಂದಿನ ಆಸನದ ಮೆತ್ತೆಗೆ ತಗಲಿ ಅಲ್ಲೇ ತಡೆಯಲ್ಪಡುತ್ತದೆ. ಮುಂದಿನಿಂದ ಅಥವಾ ಹಿಂದಿನಿಂದ ಆಗುವ ಡಿಕ್ಕಿಯಲ್ಲಿ ಈ ವಿನ್ಯಾಸ ಚೆನ್ನಾಗಿ ಕೆಲಸ ಮಾಡುತ್ತದೆ. ಬಸ್ಸು ಮಗುಚಿದಾಗ ಅಥವಾ ಪಕ್ಕದಿಂದ ಹೊಡೆತ ಬಿದ್ದಾಗ ಇದು ಸಾಲದು. ಆದುದರಿಂದಲೇ ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2018ರಲ್ಲಿ ಹೊಸ ದೊಡ್ಡ ಬಸ್ಸುಗಳಿಗೂ ಸೊಂಟ ಮತ್ತು ಭುಜ ಎರಡನ್ನೂ ಹಿಡಿಯುವ ಬೆಲ್ಟ್ ಇರಬೇಕೆಂದು ಶಿಫಾರಸು ಮಾಡಿತು.

ನಿಮ್ಮ ಸಮಿತಿಗೆ ಇದರಿಂದ ತಿಳಿಯಬೇಕಾದದ್ದು ಏನೆಂದರೆ, ಬೆಲ್ಟ್ ಇಲ್ಲದ ಬಸ್ಸೆಲ್ಲವೂ ಒಂದೇ ಅಲ್ಲ. ಆಸನದ ಬೆನ್ನು ಗಿಡ್ಡವಾಗಿದ್ದು, ಅದರ ಮೇಲಂಚಿನಲ್ಲಿ ಬರಿ ಕಬ್ಬಿಣದ ಕೊಳವೆ ಇದ್ದರೆ, ಅದು ಸರಿಯಾಗಿ ಹಿಂದೆ ಕುಳಿತ ಮಗುವಿನ ಹಲ್ಲಿನ ಎತ್ತರಕ್ಕೆ ಇರುತ್ತದೆ. ಗಟ್ಟಿ ಬ್ರೇಕ್ ಹಾಕಿದರೂ ಸಾಕು. ಆ ಕೊಳವೆಗೆ ಮೆತ್ತೆ ಹೊದಿಸುವುದು ಮೊದಲ ಕೆಲಸವಾಗಲಿ. ಸಣ್ಣ ವ್ಯಾನುಗಳಲ್ಲಿ ಬೆಲ್ಟ್ ವಿಷಯದಲ್ಲಿ ರಾಜಿಯೇ ಬೇಡ. ಅವು ಹಗುರವಾಗಿರುವುದರಿಂದ ದೊಡ್ಡ ಬಸ್ಸಿನ ರಕ್ಷಣೆ ಅಲ್ಲಿ ಸಿಗುವುದಿಲ್ಲ. ಹಳೆಯ ಆಸನಗಳಿಗೆ ಹೊರಗಡೆ ಬೆಲ್ಟ್ ಹೊಲಿಸಿ ಬಿಗಿಸುವುದಂತೂ ಬೇಡ. ಆಸನ ಮತ್ತು ನೆಲದ ಬೋಲ್ಟುಗಳು ಆ ಎಳೆತವನ್ನು ತಾಳುವಂತೆ ತಯಾರಾಗಿರುವುದಿಲ್ಲ. ಸೊಂಟಕ್ಕೆ ಮಾತ್ರ ಸುತ್ತುವ ಬೆಲ್ಟು ಚಿಕ್ಕ ಮಗುವಿನ ಹೊಟ್ಟೆಯ ಮೇಲೆ ಜಾರಿ ಒಳಗಿನ ಅಂಗಗಳಿಗೆ ಪೆಟ್ಟು ಮಾಡಬಹುದು. ಒಬ್ಬರ ಆಸನದಲ್ಲಿ ಇಬ್ಬರನ್ನು ಕೂರಿಸಿ, ಬಾಗಿಲ ಬಳಿ ನಾಲ್ವರನ್ನು ನಿಲ್ಲಿಸಿ ಬೆಲ್ಟಿನ ಬಗ್ಗೆ ಚರ್ಚಿಸುವುದರಲ್ಲಿ ಅರ್ಥವಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಖರ್ಚಿಲ್ಲದ ಒಂದು ಪರೀಕ್ಷೆಯನ್ನು ತಿಳಿಸುತ್ತೇನೆ. ಬಾಗಿಲ ಬಳಿಯ ಹಿಡಿಕಂಬಿಗೂ ಬಸ್ಸಿನ ಗೋಡೆಗೂ ನಡುವೆ ಕಿರಿದಾದ ಸಂದು ಉಳಿದಿದ್ದರೆ, ಇಳಿಯುವ ಮಗುವಿನ ಜಾಕೆಟ್ಟಿನ ದಾರವೋ ಬ್ಯಾಗಿನ ಪಟ್ಟಿಯೋ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಗಿಲು ಮುಚ್ಚಿ ಬಸ್ಸು ಹೊರಟರೆ ಮಗುವನ್ನು ಎಳೆದುಕೊಂಡೇ ಹೋಗುತ್ತದೆ. ಇಂಥ ಸಾವುಗಳು ಅಮೆರಿಕದಲ್ಲಿ ಸಂಭವಿಸಿದ ಮೇಲೆ ಅಲ್ಲಿನ ತಪಾಸಕರು ಸರಳ ಸಾಧನವೊಂದನ್ನು ಬಳಸತೊಡಗಿದರು. ಸುಮಾರು ಒಂದು ಮೀಟರ್ ಉದ್ದದ ದಾರದ ತುದಿಗೆ ಅರ್ಧ ಇಂಚಿನ ಆರು ಮೂಲೆಯ ನಟ್ ಕಟ್ಟಿ, ಅದನ್ನು ಹಿಡಿಕಂಬಿಯ ಹಿಂದೆ ಇಳಿಬಿಟ್ಟು, ಮಗು ಇಳಿಯುವ ದಿಕ್ಕಿಗೆ ನಿಧಾನವಾಗಿ ಎಳೆಯುತ್ತಾರೆ. ನಟ್ ಎಲ್ಲಿಯೂ ಸಿಕ್ಕಿಕೊಳ್ಳದೆ ಹೊರಬರಬೇಕು. ಸಿಕ್ಕಿದರೆ ಆ ಸಂದನ್ನು ಮುಚ್ಚಿಸಬೇಕು. ನಿಮ್ಮ ಶಾಲೆಯ ಎಲ್ಲ ಬಸ್ಸುಗಳನ್ನೂ ಒಂದು ಬೆಳಿಗ್ಗೆಯೊಳಗೆ ಹೀಗೆ ನೋಡಿ ಮುಗಿಸಬಹುದು.

ಉತ್ತರ: ಇನ್ನೊಬ್ಬ ಪೋಷಕ

ಇಲ್ಲಿ ಜಿಪಿಎಸ್ ಮತ್ತು ಕ್ಯಾಮೆರಾಗಳನ್ನು ಒಂದೇ ಗಂಟಿಗೆ ಕಟ್ಟಿ ಬದಿಗಿಡುತ್ತಿರುವುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕ್ಯಾಮೆರಾ ನಡೆದುಹೋದದ್ದನ್ನು ತೋರಿಸುತ್ತದೆ. ಮಕ್ಕಳ ಮೇಲೆ ದೌರ್ಜನ್ಯ, ಕಿರುಕುಳಗಳು ನಡೆಯದಂತೆ ತಡೆಯುವಲ್ಲಿ ಅದಕ್ಕೆ ತನ್ನದೇ ಸ್ಥಾನವಿದೆ. ದೊಡ್ಡ ಮಕ್ಕಳು ಹಿಂದಿನ ಸಾಲುಗಳಲ್ಲಿ ಚಿಕ್ಕವರನ್ನು ಪೀಡಿಸುವುದು ಚಾಲಕನ ಕನ್ನಡಿಗೆ ಬೀಳುವುದಿಲ್ಲ. ಜಿಪಿಎಸ್ ಉಪಯೋಗ ಬೇರೆ. ಬಸ್ಸು ಬರುವ ಸಮಯ ನಿಖರವಾಗಿ ಗೊತ್ತಾದರೆ ಮಕ್ಕಳು ರಸ್ತೆ ಬದಿಯಲ್ಲಿ ಅರ್ಧ ಗಂಟೆ ನಿಂತು ಆಟವಾಡುತ್ತ ಕಾಯಬೇಕಾಗುವುದಿಲ್ಲ, ಬಸ್ಸು ಹೊರಟುಬಿಟ್ಟೀತೆಂದು ಓಡಿ ಬರುವುದೂ ಇಲ್ಲ. ನಿಲುಗಡೆಯ ಬಳಿಯೇ ಅಪಾಯ ಹೆಚ್ಚೆಂದು ಹಿರಿಯರು ಹೇಳಿದ್ದು ನಿಜವಾದರೆ, ಅಲ್ಲಿ ಮಕ್ಕಳು ನಿಲ್ಲುವ ಸಮಯವನ್ನು ಕಡಿಮೆ ಮಾಡುವ ಸಾಧನವೂ ಸುರಕ್ಷತೆಯ ಸಾಧನವೇ ತಾನೆ?

ಉತ್ತರ: ನಿವೃತ್ತ ಸಾರಿಗೆ ಉಸ್ತುವಾರಿ

ಸರ್, ನಿಮ್ಮ ಮಾತು ಸರಿ, ಒಪ್ಪಿದೆ. ಒಂದೇ ಷರತ್ತು: ಬಸ್ಸು ಐದು ನಿಮಿಷ ತಡವಾಗಿರುವುದನ್ನು ಮೊಬೈಲಿನಲ್ಲಿ ಕಂಡು ಪೋಷಕರು ಚಾಲಕನಿಗೆ ಫೋನ್ ಮಾಡಬಾರದು. ಕರೆಗಳೆಲ್ಲ ಶಾಲೆಯ ಕಚೇರಿಗೆ ಹೋಗಲಿ. ಚಾಲಕನ ಸಂಖ್ಯೆಯನ್ನು ಪೋಷಕರ ಗುಂಪಿನಲ್ಲಿ ಹಂಚಿದ ದಿನವೇ ಅವನು ಒಂದು ಕೈಯಲ್ಲಿ ಬಸ್ಸು ಓಡಿಸಲು ಶುರು ಮಾಡುತ್ತಾನೆ.

ಉತ್ತರ: ಶಾಲಾ ಶಿಕ್ಷಕಿ

ಯಾರೂ ಎತ್ತದ ವಿಷಯವೊಂದಿದೆ: ಬಸ್ಸಿನಿಂದ ತುರ್ತಾಗಿ ಹೊರಬರುವುದು. 1988ರ ಮೇ ತಿಂಗಳಲ್ಲಿ ಅಮೆರಿಕದ ಕೆಂಟಕಿಯ ಕ್ಯಾರಲ್ಟನ್ ಬಳಿ, ಮೊದಲು ಶಾಲಾ ಬಸ್ಸಾಗಿದ್ದು ಆಗ ಚರ್ಚೊಂದರ ಬಳಕೆಯಲ್ಲಿದ್ದ ಬಸ್ಸಿಗೆ, ಕುಡಿದ ಚಾಲಕನೊಬ್ಬ ಎದುರಿನಿಂದ ಬಂದು ಡಿಕ್ಕಿ ಹೊಡೆದನು. 27 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅವರ ಸಾವಿಗೆ ಕಾರಣವಾದದ್ದು ಡಿಕ್ಕಿಯ ಹೊಡೆತವಲ್ಲ, ಅದರ ಹಿಂದೆಯೇ ಹೊತ್ತಿದ ಬೆಂಕಿ ಮತ್ತು ಹೊಗೆ. ಮುಂದಿನ ಬಾಗಿಲು ಬಳಸಲಾಗದಂತಾಗಿತ್ತು. ಉಳಿದ ಒಂದೇ ಹಿಂಬಾಗಿಲಿನ ಕಡೆಗೆ ಎಲ್ಲರೂ ಇಕ್ಕಟ್ಟಾದ ದಾರಿಯಲ್ಲಿ ನುಗ್ಗಬೇಕಾಯಿತು. ಶಾಲಾ ಬಸ್ಸುಗಳಿಗೆ ಹೆಚ್ಚು ತುರ್ತು ದ್ವಾರಗಳು ಬೇಕೆಂಬ ನಿಯಮಗಳು ಬಿಗಿಯಾದದ್ದು ಆ ದುರಂತದ ನಂತರವೇ.

ಆದುದರಿಂದ ನಿಮ್ಮ ಬಸ್ಸಿನ ತುರ್ತು ಬಾಗಿಲಿಗೆ ಅಡ್ಡವಾಗಿ ಹೆಚ್ಚುವರಿ ಆಸನ ಹಾಕಿದ್ದಾರೆಯೇ, ಬ್ಯಾಗುಗಳ ರಾಶಿ ಇದೆಯೇ, ಚಿಲಕವನ್ನು ತಂತಿಯಿಂದ ಕಟ್ಟಿದ್ದಾರೆಯೇ ಎಂದು ನೋಡಿರಿ. ಮಕ್ಕಳು ತಲೆ ಹೊರಹಾಕದಿರಲೆಂದು ಕಿಟಕಿಗೆ ಸರಳು ಹಾಕಿಸುವುದು ಒಳ್ಳೆಯದೇ. ಆದರೆ ಕಿಟಕಿಗಳೆಲ್ಲ ಸರಳಿನಿಂದ ಮುಚ್ಚಿಹೋದ ಬಸ್ಸಿನಲ್ಲಿ ತುರ್ತು ಬಾಗಿಲಿನ ಹೊಣೆ ಇಮ್ಮಡಿಯಾಗುತ್ತದೆ. ವರ್ಷಕ್ಕೆ ಎರಡು ಬಾರಿಯಾದರೂ, ಶಾಲೆಯ ಅಂಗಳದಲ್ಲಿ ಬಸ್ಸು ನಿಲ್ಲಿಸಿ, ಆ ಬಾಗಿಲಿನಿಂದಲೇ ಮಕ್ಕಳನ್ನು ಇಳಿಸಿ ಅಭ್ಯಾಸ ಮಾಡಿಸಬೇಕು. ಬಾಗಿಲು ನೆಲದಿಂದ ಎತ್ತರದಲ್ಲಿರುವುದರಿಂದ ನಿಂತು ಹಾರಿದರೆ ಕಾಲು ಮುರಿಯುತ್ತದೆ. ಅಂಚಿನಲ್ಲಿ ಕುಳಿತು ಜಾರಿ ಇಳಿಯಬೇಕು, ಕೆಳಗೆ ಇಬ್ಬರು ದೊಡ್ಡ ಮಕ್ಕಳು ಕೈಕೊಡಬೇಕು, ಬ್ಯಾಗನ್ನು ಬಿಟ್ಟು ಬರಬೇಕು. ಬ್ಯಾಗು ಬಿಡು ಎಂದರೆ ಮಕ್ಕಳು ಬಿಡುವುದೇ ಇಲ್ಲ; ಮನೆಯಲ್ಲಿ ಬೈಯುತ್ತಾರೆ ಎನ್ನುತ್ತಾರೆ. ಈ ಒಂದು ವಿಷಯಕ್ಕೆ ಬೈಯುವುದಿಲ್ಲವೆಂದು ಪೋಷಕರೇ ಮಕ್ಕಳಿಗೆ ಹೇಳಿರಬೇಕು. ಚಾಲಕನಿಗೇ ಪ್ರಜ್ಞೆ ತಪ್ಪಿದರೆ ಎಂಜಿನ್ ನಿಲ್ಲಿಸುವುದು, ಕೈ ಬ್ರೇಕ್ ಹಾಕುವುದು, ಮುಂದಿನ ಬಾಗಿಲು ತೆರೆಯುವುದು ಹೇಗೆಂದು ಸಹಾಯಕಿಗೂ ಮೇಲ್ತರಗತಿಯ ಒಂದಿಬ್ಬರಿಗೂ ಗೊತ್ತಿರಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಲುಗಡೆಗಳ ಪರಿಶೀಲನೆ, ಮಗುವನ್ನು ಒಪ್ಪಿಸುವ ಲಿಖಿತ ನಿಯಮ, ಕೊನೆಯ ಸಾಲಿನವರೆಗಿನ ತಪಾಸಣೆ, ಹಿಡಿಕಂಬಿಯ ಪರೀಕ್ಷೆ, ತುರ್ತು ಬಾಗಿಲಿನ ಅಭ್ಯಾಸ, ಇವುಗಳನ್ನು ಮೊದಲ ಪಟ್ಟಿಯಲ್ಲಿ ಇರಿಸಿ, ಕ್ಯಾಮೆರಾವನ್ನು ಎರಡನೆಯ ಪಟ್ಟಿಗೆ ಬರೆದುಕೊಂಡಿದ್ದೇನೆ. ಇನ್ನೊಂದು ಸಂದೇಹ ಉಳಿದಿದೆ. ಎಂದಿನ ಚಾಲಕರು ರಜೆಯಲ್ಲಿದ್ದಾಗ ಬದಲಿಗೆ ಬರುವವರಿಗೆ ಮಾರ್ಗವೂ ಗೊತ್ತಿರುವುದಿಲ್ಲ, ಮಕ್ಕಳೂ ಗೊತ್ತಿರುವುದಿಲ್ಲ. ಆ ದಿನಗಳಿಗೆ ಏನು ವ್ಯವಸ್ಥೆ ಮಾಡಬೇಕು?

ಉತ್ತರ: ನಿವೃತ್ತ ಸಾರಿಗೆ ಉಸ್ತುವಾರಿ

ಪ್ರತಿ ಬಸ್ಸಿಗೂ ಒಂದು ಮಾರ್ಗಪತ್ರ ಬಸ್ಸಿನಲ್ಲೇ ಇರಬೇಕು: ನಿಲುಗಡೆಗಳ ಕ್ರಮ, ಪ್ರತಿ ನಿಲುಗಡೆಯಲ್ಲಿ ಎಷ್ಟು ಮಕ್ಕಳು, ಯಾವ ಬದಿಯಲ್ಲಿ ಇಳಿಸಬೇಕು, ಎಲ್ಲಿ ರಿವರ್ಸ್ ಬೇಕು, ಯಾವ ಮಗುವಿಗೆ ಅಪಸ್ಮಾರ, ಅಲರ್ಜಿಗಳಂಥ ತೊಂದರೆಗಳಿವೆ. ಮಕ್ಕಳ ಹೆಸರು ಮತ್ತು ಆರೋಗ್ಯದ ವಿವರವಿರುವ ಹಾಳೆ ಮಾತ್ರ ಸಹಾಯಕಿಯ ಕೈಯಲ್ಲಿರಲಿ, ಗಾಜಿಗೆ ಅಂಟಿಸಬೇಡಿರಿ. ಚಾಲಕನೂ ಸಹಾಯಕಿಯೂ ಒಂದೇ ದಿನ ಬದಲಾಗುವಂತೆ ರಜೆ ಮಂಜೂರು ಮಾಡಬಾರದು. ಇಬ್ಬರಲ್ಲಿ ಒಬ್ಬರಾದರೂ ಮಕ್ಕಳ ಮುಖ ಬಲ್ಲವರಾಗಿರಬೇಕು. ಹಾಗೂ ಬದಲಿಯವರ ಲೈಸೆನ್ಸನ್ನು ಆ ಬೆಳಿಗ್ಗೆ ಗಡಿಬಿಡಿಯಲ್ಲಿ ನೋಡುವುದಲ್ಲ. ವರ್ಷದ ಆರಂಭದಲ್ಲೇ ಇಬ್ಬರು ಮೂವರನ್ನು ಗುರುತಿಸಿ, ದಾಖಲೆಗಳನ್ನು ಪರಿಶೀಲಿಸಿ, ಎಂದಿನ ಚಾಲಕರ ಪಕ್ಕದಲ್ಲಿ ಕೂರಿಸಿ ಒಮ್ಮೆ ಪೂರ್ತಿ ಮಾರ್ಗ ತೋರಿಸಿ ಇಟ್ಟುಕೊಂಡಿರಬೇಕು.